ಒಂಬತ್ತನೇ ಹಾಳೆಯ ಏಳನೇ ಸಾಲು

ನಾನು ಅವಳನ್ನು ಮೊದಲು ಕಂಡದ್ದು ಅವಳು ನನ್ನನ್ನು ಬೈಯಲು ಬಂದ ದಿನ. ಸೋಮವಾರ, ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಕಾಲೇಜಿನ ನೆಲಮಾಳಿಗೆಯ ಜೆರಾಕ್ಸ್ ಕೋಣೆಯಲ್ಲಿ ನಾನು ಪಾಠದ ಅರವತ್ತನಾಲ್ಕು ಹಾಳೆಗಳನ್ನು ಮಡಚಿ, ಹದಿನಾರರ ಹಾಗೆ ನಾಲ್ಕು ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು. ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ಕೈಯಲ್ಲಿ ನಾನೇ ಶುಕ್ರವಾರ ತಿದ್ದಿ ಕೊಟ್ಟಿದ್ದ ಮೂಲ ಪುಟಗಳು.

"ಇದರ ಮೇಲಿದ್ದ ಗುರುತೆಲ್ಲ ಎಲ್ಲಿ ಹೋದ್ವು?" ಎಂದಳು.

"ಯಾವ ಗುರುತು ಮೇಡಂ?"

"ಅಕ್ಷರದ ನೆತ್ತಿ ಮೇಲಿನದು. ಹೀಗೆ." ಎರಡೂ ತೋರುಬೆರಳುಗಳ ತುದಿ ಕೂಡಿಸಿ, ಗುಡಿಸಲಿನ ಸೂರಿನಂತೆ ಹಿಡಿದು ತೋರಿಸಿದಳು.

"ಅದಾ? ಅದು ಕಸ ಅಂದ್ಕೊಂಡೆ. ವೈಟ್ನರ್ ಹಚ್ಚಿಬಿಟ್ಟೆ."

ನಾನು ಹೇಳಿದ್ದು ನಿಜ. ಮೇಲಿನ ಮಹಡಿಯ ಪ್ರಿಂಟರ್ ಹಳೆಯದು. ಪುಟದ ಮೇಲೆಲ್ಲ ಸಾಸಿವೆಯಷ್ಟು ಚುಕ್ಕೆ ಉದುರಿಸುತ್ತಿತ್ತು. ಆ ಚುಕ್ಕೆಗಳನ್ನು ಬಿಳಿ ಮಾಡಿ, ಆಮೇಲೆ ನಕಲು ತೆಗೆಯುವುದು ನನ್ನ ಕೆಲಸ. ಓದು ನನಗೆ ಅಷ್ಟಕ್ಕಷ್ಟೆ. ಅಂಗಡಿ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತೇನೆ. ಆ ಪುಟಗಳ ಲೆಕ್ಕದ ಅಕ್ಷರಗಳು ನನಗೆ ಇರುವೆ ಸಾಲಿದ್ದ ಹಾಗೆ.

"ಎಷ್ಟು ಅಳಿಸಿದ್ರಿ?"

"ಹನ್ನೊಂದು. ಎರಡನೇ ಪುಟದಲ್ಲಿ ಏಳು, ಮೂರನೇದರಲ್ಲಿ ನಾಲ್ಕು."

ಅವಳು ಪುಟಗಳನ್ನು ಬೆಳಕಿಗೆ ಹಿಡಿದು ಎಣಿಸಿದಳು. ಆಮೇಲೆ ಕಾಗದದ ಡಬ್ಬದ ಮೇಲೆ ಧೊಪ್ಪನೆ ಕೂತು ನಗತೊಡಗಿದಳು. ಬೈಯುವವಳು ನಕ್ಕರೆ ನಮಗೆ ಇನ್ನೂ ಹೆದರಿಕೆ.

"ಹನ್ನೊಂದಕ್ಕೆ ಹನ್ನೊಂದೂ ಸಿಕ್ಕಿವೆ ನಿಮಗೆ. ನಾನೇ ಪ್ರೂಫ್ ನೋಡಿದ್ರೂ ಒಂದೆರಡು ಬಿಟ್ಟಿರ್ತಿದ್ದೆ. ನಿಮ್ಮದು ಕಣ್ಣಾ, ಜರಡಿಯಾ?"

ಕ್ಲಾಸು ಹನ್ನೊಂದಕ್ಕೆ. ಮತ್ತೆ ನಕಲು ತೆಗೆಯೋಣವೆಂದರೆ ಕಾಗದ ಮುಗಿದಿತ್ತು, ಹೊಸ ರೀಮು ಬರುವುದು ಮಂಗಳವಾರ. ಅವಳು ಜೇಬಿನಿಂದ ಎರಡು ಕಪ್ಪು ಪೆನ್ನು ತೆಗೆದು ಒಂದನ್ನು ನನ್ನ ಕಡೆ ಚಾಚಿದಳು. ಅರವತ್ತನಾಲ್ಕು ಹಾಳೆ, ಹಾಳೆಗೆ ಹನ್ನೊಂದು ಸೂರು. ಇಬ್ಬರೂ ಎದುರುಬದುರು ಕೂತು ಬರೆದೆವು.

"ಇದೇನು ಅಂತಾದ್ರೂ ಹೇಳಿ ಮೇಡಂ. ಕೊಡೆ ಹಿಡಿದ ಹಾಗಿದೆ," ಎಂದೆ.

"ಕೊಡೆಯೇ ಅನ್ನೋಣ. ಈ ಬಾಲದ ಅಕ್ಷರ ಇದೆಯಲ್ಲ, ಇದು ವೈ. ಬರೀ ವೈ ಅಂದ್ರೆ ನಿಜವಾಗಿ ಆದದ್ದು. ಕೊಡೆ ಇರೋ ವೈ ಅಂದ್ರೆ ಯಂತ್ರದ ಅಂದಾಜು. ಎರಡಕ್ಕೂ ನಡುವೆ ಇರೋದು ತಪ್ಪು. ಆ ತಪ್ಪನ್ನ ಕಡಿಮೆ ಮಾಡ್ತಾ ಹೋಗೋದಕ್ಕೇ ಯಂತ್ರ ಕಲಿಯೋದು ಅಂತಾರೆ."

"ಹಾಗಾದ್ರೆ ಸರಿಯಾಗೇ ಇದೆ. ಅಂದಾಜು ಮಾಡಿದವರೇ ತಾನೆ ಕೊಡೆ ಹಿಡ್ಕೊಂಡು ಹೊರಡೋದು? ಮಳೆ ಬಂತಾ ಇಲ್ವಾ ಅನ್ನೋದು ಆಮೇಲಿನ ಮಾತು."

ಅವಳ ಪೆನ್ನು ನಿಂತಿತು. "ಇದನ್ನ ಪ್ರೊಫೆಸರ್‌ಗೆ ಹೇಳ್ಬೇಕು. ಅವರು ಇಷ್ಟು ಹೇಳೋಕೆ ಒಂದೂವರೆ ಪುಟ ತಗೊಂಡಿದ್ದಾರೆ." ಆಮೇಲೆ ನನ್ನ ಕಟ್ಟನ್ನು ನೋಡಿ, "ಅಮ್ಮ, ನಿಮ್ಮ ಕೊಡೆಗಳೆಲ್ಲ ಎಡಕ್ಕೆ ವಾಲುತ್ತವೆ," ಎಂದಳು. ಅಂದಿನಿಂದ ನಾನು ಅವಳಿಗೆ ಅಮ್ಮ. ನನಗೆ ಅವಳನ್ನು ಮೇಡಂ ಅನ್ನುವುದು ಬಿಡಲು ಒಂದು ವರ್ಷ ಹಿಡಿಯಿತು.

ಅವಳ ಕೆಲಸ ಪುಟ ಕಟ್ಟುವುದು. ಎರಡನೇ ಮಹಡಿಯ ಕೊನೆಯಲ್ಲಿ, ಹಿಂದೆ ಹಳೆಯ ಬೆಂಚು ಪೇರಿಸಿಡುತ್ತಿದ್ದ ಕೋಣೆಯನ್ನು ಅವಳಿಗೆ ಕೊಟ್ಟಿದ್ದರು. ಕಿಟಕಿಗೆ ಬಣ್ಣ ಬಳಿಯುವಾಗ ಚೌಕಟ್ಟಿಗೂ ಸೇರಿಸಿ ಬಳಿದಿದ್ದರಿಂದ ಅದು ತೆರೆಯುತ್ತಿರಲಿಲ್ಲ. ಆ ವರ್ಷವೇ ಕಾಲೇಜಿನಲ್ಲಿ ಯಂತ್ರಗಳಿಗೆ ಕಲಿಸುವ ಪಾಠ, ಮಷಿನ್ ಲರ್ನಿಂಗ್ ಅನ್ನುವುದು, ಹೊಸದಾಗಿ ಶುರುವಾಗಿತ್ತು. ಅದಕ್ಕೆ ಪುಸ್ತಕ ಗೊತ್ತುಮಾಡಿರಲಿಲ್ಲ. ಪ್ರೊಫೆಸರು ಕೈಯಲ್ಲಿ ಬರೆದು ಕೊಡುವುದು, ಇವಳು ಅದನ್ನು ಅಚ್ಚಿನ ಪುಟ ಮಾಡುವುದು, ನಾನು ನಕಲು ತೆಗೆದು ಮಡಚುವುದು. ವಾರಕ್ಕೊಂದರಂತೆ ಹದಿನಾಲ್ಕು ವಾರಕ್ಕೆ ಹದಿನಾಲ್ಕು ಹಾಳೆ.

ಪ್ರೊಫೆಸರು ಒಳ್ಳೆಯವರು, ಆದರೆ ಅವರ ಬರಹ ಬಿರುಗಾಳಿಗೆ ಸಿಕ್ಕಿದ ಬಟ್ಟೆಯ ಹಾಗೆ. ಲಕೋಟೆಯ ಬೆನ್ನು, ಆಸ್ಪತ್ರೆ ಚೀಟಿ, ಒಂದು ಸಲ ಕ್ಯಾಲೆಂಡರಿನ ಹರಿದ ಹಾಳೆ. ಅವನ್ನೆಲ್ಲ ಇವಳು ನೆಲದ ಮೇಲೆ ಹರಡಿ, ಮಂಡಿಯೂರಿ, ಯಾವುದರ ಹಿಂದೆ ಯಾವುದು ಬರಬೇಕೆಂದು ಜೋಡಿಸುತ್ತಿದ್ದಳು. ಬೆಟ್ಟ ಇಳಿಯುವ ಪಾಠ ಅಂತ ಒಂದಿತ್ತು. ಮಂಜಿನಲ್ಲಿ ಏನೂ ಕಾಣದಾಗ ಕಾಲಿನಿಂದ ತಡವಿ, ಯಾವ ಕಡೆ ಇಳಿಜಾರೋ ಆ ಕಡೆ ಒಂದೊಂದೇ ಹೆಜ್ಜೆ ಇಟ್ಟು ತಳ ಮುಟ್ಟುವುದಂತೆ, ಯಂತ್ರ ತಪ್ಪು ಕಡಿಮೆ ಮಾಡಿಕೊಳ್ಳುವುದೂ ಹಾಗೇ ಅಂತೆ. ಅದನ್ನು ಅವರು ಎಂಟನೇ ವಾರಕ್ಕೆ ಇಟ್ಟಿದ್ದರು. ಇವಳು ಮೂರಕ್ಕೆ ತಂದಳು.

"ನೀವು ಪುಟ ಕಟ್ಟೋಕೆ ಬಂದವರು, ಪಾಠ ಕಟ್ಟೋಕಲ್ಲ," ಎಂದು ಅವರು ಗುರುಗುಟ್ಟಿದರು.

"ಇಳಿಯೋದು ಹೇಳಿಕೊಡದೆ ಮಕ್ಕಳನ್ನ ಐದು ವಾರ ಬೆಟ್ಟದ ಮೇಲೆ ನಿಲ್ಲಿಸಿದ್ರೆ ಹೇಗೆ ಸರ್? ಅವಕ್ಕೆ ಚಳಿಯಾಗಲ್ವಾ?"

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಆ ಪಾಠ ಮೂರರಲ್ಲೇ ಉಳಿಯಿತು.

ಹಾಳೆಗೆ ನಾಲ್ಕೇ ಪುಟ ಅನ್ನುವುದು ಅವಳ ಹಟ. ದೊಡ್ಡ ಕಾಗದ ಒಂದು, ನಡುವೆ ಒಂದು ಮಡಿಕೆ, ನಾಲ್ಕು ಪುಟ. ಮೊದಲ ಪುಟದ ಮೇಲೆ ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ಎರಡು ಸಾಲು. ಕೊನೆಯ ಪುಟದ ಅಡಿಯಲ್ಲಿ ಕೈಯಲ್ಲೇ ಮಾಡಿ ನೋಡುವ ಒಂದು ಲೆಕ್ಕ. ಪಕ್ಕದಲ್ಲಿ ಮೂರು ಬೆರಳು ಜಾಗ, ಮಕ್ಕಳು ಬರೆದುಕೊಳ್ಳಲು. ಐದನೇ ಪುಟಕ್ಕೆ ಹೋದರೆ ಪಿನ್ನು ಹೊಡೆಯಬೇಕು, ಪಿನ್ನು ಹೊಡೆದದ್ದನ್ನು ಯಾರೂ ಓದುವುದಿಲ್ಲ ಅನ್ನುತ್ತಿದ್ದಳು. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ನಾಲ್ಕು ಪುಟದವಳು ಅಂತಲೇ ಕರೆಯುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಜಾರಿರಲಿಲ್ಲ.

ಇಲ್ಲಿಗೆ ಬರುವ ಮೊದಲು ಅವಳು ಹದಿನಾರು ವರ್ಷ ಔಷಧಿ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಆ ಚೀಟಿಗಳ ಅಕ್ಷರ ಜೋಡಿಸಿದ್ದಳು. "ನಾನು ಕಟ್ಟಿದ್ದನ್ನ ಜನ ಬಿಡಿಸದೆ ಬಿಸಾಡ್ತಿದ್ರು ಅಮ್ಮ," ಎಂದು ಒಂದು ದಿನ ಹೇಳಿದಳು. "ನಿನ್ನೆ ಬಸ್ಸಲ್ಲಿ ಒಬ್ಬಳು ಹುಡುಗಿ ನಮ್ಮ ನಾಲ್ಕನೇ ಹಾಳೆ ಓದ್ತಿದ್ದಳು. ಅಡಿಗೆರೆ ಎಳೆದಿದ್ದಳು. ನಾನು ಇಳಿಯೋ ಸ್ಟಾಪು ಬಂತು, ಇಳೀಲಿಲ್ಲ. ಮುಂದಿನ ಸ್ಟಾಪಿಂದ ನಡ್ಕೊಂಡು ಬಂದೆ." ಅಷ್ಟು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಹನ್ನೊಂದು ಕೊಡೆ ಅಳಿಸಿದ ತಪ್ಪಿಗೆ ಶಿಕ್ಷೆಯೋ ಬಹುಮಾನವೋ, ಮುಂದಿನ ವಾರದಿಂದ ಪ್ರೂಫ್ ನೋಡಲು ನನ್ನನ್ನು ಮೇಲಕ್ಕೆ ಕರೆಸಿಕೊಂಡಳು.

"ನಂಗೆ ಓದೋಕೆ ಬರಲ್ಲ ಮೇಡಂ."

"ಅದಕ್ಕೇ ಬೇಕು. ಓದು ಬಲ್ಲವರು ಅರ್ಥ ಹಿಡ್ಕೊಂಡು ಜಾರಿಬಿಡ್ತಾರೆ. ಇಲ್ಲದ್ದನ್ನೂ ಇದೆ ಅಂತ ಓದ್ತಾರೆ. ನೀವು ಜಾರಲ್ಲ. ನಿಮಗೆ ಕಂಡ ಆಕಾರ ಹೇಳ್ತಾ ಹೋಗಿ, ನಾನು ಸರ್ ಬರೆದದ್ದರ ಜೊತೆ ತಾಳೆ ನೋಡ್ತೀನಿ. ಒಂದೇ ಒಂದು ನಿಯಮ. ಇದ್ದದ್ದನ್ನ ಇದೆ ಅನ್ನಿ, ಇಲ್ಲದ್ದನ್ನ ಇಲ್ಲ ಅನ್ನಿ. ನನ್ನ ಮೇಲೆ ಪಾಪ ಅನ್ನಿಸಿದ್ರೂ."

ಹಾಗೆ ಪ್ರತಿ ಗುರುವಾರ ಊಟದ ನಂತರ ನಾವಿಬ್ಬರೂ ಕೂರುತ್ತಿದ್ದೆವು. ನಾನು ಸಾಲಿನ ಕೆಳಗೆ ಅಡಿಕೋಲು ಇಟ್ಟು, ಒಂದೊಂದೇ ಆಕಾರಕ್ಕೆ ನಾನೇ ಇಟ್ಟ ಹೆಸರು ಹೇಳುತ್ತಿದ್ದೆ. ನಡುಪಟ್ಟಿ ಕಟ್ಟಿದ ಮೊಟ್ಟೆ. ಎಡಕ್ಕೆ ಬಾಣ. ಮತ್ತೆ ಮೊಟ್ಟೆ. ಅಡ್ಡಗೆರೆ. ಮೀನು. ಆಲಿಕೆ. ಅವಳು ತನ್ನ ಕಾಗದ ನೋಡುತ್ತಾ ಹೂಂ, ಹೂಂ ಅನ್ನುತ್ತಿದ್ದಳು.

ಒಂದು ಗುರುವಾರ ಪ್ರೊಫೆಸರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನೀವಿಬ್ಬರೂ ನನ್ನ ಪಾಠ ತಿದ್ತಾ ಇದ್ದೀರೋ, ಸಂತೆಗೆ ಪಟ್ಟಿ ಮಾಡ್ತಾ ಇದ್ದೀರೋ?"

"ನಿಮ್ಮ ಆಲಿಕೆ ಒಂದು ಕಳೆದುಹೋಗಿತ್ತು ಸರ್," ಎಂದಳು ಅವಳು. "ಅಮ್ಮ ಹುಡುಕಿ ಕೊಟ್ರು."

ವರ್ಷದ ಕೊನೆಗೆ ಹೆಚ್ಚಿಗೆ ಉಳಿದ ಹಾಳೆಗಳಲ್ಲಿ ಎರಡೆರಡು ಜೊತೆ ತೆಗೆದು ನಾನು ಹೊಲಿದು ಬೈಂಡು ಮಾಡುತ್ತಿದ್ದೆ. ಆ ಕೆಲಸ ನನ್ನ ಯಜಮಾನರದು. ಅವರು ಅದೇ ಕಾಲೇಜಿನಲ್ಲಿ ಬೈಂಡರ್ ಆಗಿದ್ದರು, ಅವರು ಹೋದ ಮೇಲೆ ನನಗೆ ಸಿಕ್ಕಿದ್ದು ಅವರ ಸೂಜಿ, ಅಂಟಿನ ಡಬ್ಬ ಮತ್ತು ಈ ನೆಲಮಾಳಿಗೆ. ಎರಡು ಪುಸ್ತಕದಲ್ಲಿ ಒಂದು ಲೈಬ್ರರಿಗೆ, ಒಂದು ಅವಳಿಗೆ. ಹಾಗೆ ಆರು ವರ್ಷಕ್ಕೆ ಆರು ಪುಸ್ತಕ ಅವಳ ಮನೆಯ ಹಲಗೆಯ ಮೇಲೆ ನಿಂತವು. ಅರವತ್ತನಾಲ್ಕು ಮಕ್ಕಳು ನೂರ ಎಂಬತ್ತಾದರು.

ಏಳನೇ ವರ್ಷ ಶುರುವಾದ ತಿಂಗಳಲ್ಲೇ ನಾನು ಗಮನಿಸಿದೆ. ಅವಳು ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿಯನ್ನು ನೋಡುತ್ತಿದ್ದಳು. ಪರದೆಯ ಮೇಲೆ ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿ, ಕತ್ತು ವಾರೆ ಮಾಡಿ ನೋಡುತ್ತಿದ್ದಳು.

"ಏನಾಗ್ತಿದೆ ತಾಯಿ?" ಎಂದು ಕೇಳಿದೆ.

"ನೋಡಿದ ಕಡೆ ನಡುವೆ ಒಂದು ತೂತು ಬಿದ್ದಿದೆ ಅಮ್ಮ. ಅಕ್ಷರ ನೋಡಿದ್ರೆ ಅಕ್ಷರ ಇಲ್ಲ, ಪಕ್ಕದ್ದು ಇದೆ."

ಡಾಕ್ಟರ ಹತ್ತಿರ ಹೋಗಿಬಂದಿದ್ದಳು. ಕಣ್ಣಿನ ನರದ ಹಿಂದೆ ಗಂಟು. ಆಪರೇಷನ್ ಆಗಬೇಕು, ಬೇಗ ಆದರೆ ಒಳ್ಳೆಯದು ಅಂದಿದ್ದರು.

"ಮತ್ತೆ ಹೋಗು."

"ಹದಿನಾಲ್ಕು ಮುಗಿಸಿ ಹೋಗ್ತೀನಿ. ಈ ಸಲ ಎಲ್ಲ ಹಾಳೆನೂ ಮೊದಲಿಂದ ಹೊಸದಾಗಿ ಕಟ್ತಾ ಇದ್ದೀನಿ. ಮಧ್ಯೆ ಎದ್ದು ಹೋದ್ರೆ ಇನ್ನೊಬ್ಬರಿಗೆ ಕೊಡ್ತಾರೆ. ಅವರು ಐದು ಪುಟ ಮಾಡ್ತಾರೆ, ಪಿನ್ನು ಹೊಡೀತಾರೆ." ನಗಿಸಲು ನೋಡಿದಳು, ನನಗೆ ನಗು ಬರಲಿಲ್ಲ. "ಆಪರೇಷನ್ ಆದ್ಮೇಲೆ ಕಣ್ಣು ಬರುತ್ತೆ ಅಂತ ಅವರೂ ಹೇಳಿಲ್ಲ ಅಮ್ಮ. ಬರಬಹುದು ಅಂದ್ರು. ಅದಕ್ಕೆ ಕೊಡೆ ಇದೆ, ಬರೀ ಅಂದಾಜು. ಇದೇ ನನ್ನ ಕೊನೇ ಹದಿನಾಲ್ಕು. ಯಾರಿಗೂ ಹೇಳ್ಬೇಡಿ. ನಿಮ್ಮ ಕಣ್ಣು ಇದೆಯಲ್ಲ."

ನಾನು ಹೇಳಲಿಲ್ಲ. ಒಂದನೆಯದರಿಂದ ಎಂಟನೆಯದರವರೆಗೆ ಹೀಗೇ ಸಾಗಿಸಿದೆವು. ಈಗ ಪ್ರೊಫೆಸರ ಕಾಗದವನ್ನೂ ನಾನೇ ನೋಡಿ ಹೇಳಬೇಕು, ಅವಳ ಪುಟವನ್ನೂ ನಾನೇ ನೋಡಿ ಹೇಳಬೇಕು. ಅವಳು ಕಣ್ಣು ಮುಚ್ಚಿ ಎರಡನ್ನೂ ತಲೆಯೊಳಗೆ ತಾಳೆ ಹಾಕುತ್ತಿದ್ದಳು. ಒಂದು ತಪ್ಪೂ ಹೊರಗೆ ಹೋಗಲಿಲ್ಲ. ಎಂಟು ಹಾಳೆ, ಮೂವತ್ತೆರಡು ಪುಟ.

ಒಂಬತ್ತನೆಯದು ಎಲ್ಲಕ್ಕಿಂತ ಕಷ್ಟದ ಹಾಳೆ. ತಪ್ಪನ್ನು ಹಿಂದಕ್ಕೆ ಕಳಿಸುವ ಪಾಠ ಅದು. ಯಂತ್ರದೊಳಗೆ ಪದರ ಪದರ ಇರುತ್ತದಂತೆ. ಕೊನೆಯಲ್ಲಿ ತಪ್ಪು ಬಂದರೆ, ಅದನ್ನು ಕೊನೆಯ ಪದರದಿಂದ ಮೊದಲನೆಯದಕ್ಕೆ ಹಿಂದೆ ಹಿಂದೆ ಕಳಿಸಿ, ಯಾರಿಂದ ಎಷ್ಟು ಕೆಟ್ಟಿತು ಅಂತ ಒಬ್ಬೊಬ್ಬರ ಪಾಲು ಗೊತ್ತುಮಾಡುವುದು. "ಮನೆಯೊಳಗೂ ಹೀಗೊಂದು ಲೆಕ್ಕ ಇದ್ದಿದ್ರೆ ಎಷ್ಟು ಜಗಳ ತಪ್ತಿತ್ತು," ಎಂದಿದ್ದಳು.

ಆ ಗುರುವಾರ ಬೆಳಿಗ್ಗೆಯಿಂದ ಅವಳಿಗೆ ತಲೆ ಸಿಡಿಯುತ್ತಿತ್ತು. ಮೂರನೇ ಪುಟವನ್ನು ಮೂರು ಸಲ ಕಟ್ಟಿದ್ದಳು. ನಾಲ್ಕನೇ ಸಲದ ಪ್ರೂಫು ನನ್ನ ಕೈಯಲ್ಲಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೇಳುತ್ತಿದ್ದಳು. ಆರು ಸಾಲು ಸರಿ ಇದ್ದವು.

"ಏಳನೇ ಸಾಲು?"

ಏಳನೇ ಸಾಲಿನಲ್ಲಿ ಎರಡು ಬಾಲದ ಅಕ್ಷರ, ನಡುವೆ ಅಡ್ಡಗೆರೆ. ಪ್ರೊಫೆಸರ ಕಾಗದದಲ್ಲಿ ಮೊದಲನೆಯದಕ್ಕೆ ಕೊಡೆ ಇತ್ತು. ಇವಳ ಪುಟದಲ್ಲಿ ಇರಲಿಲ್ಲ.

ನಾನು ಕಂಡೆ. ಸ್ಪಷ್ಟವಾಗಿ ಕಂಡೆ. ಇಲ್ಲ ಎಂದರೆ ಅವಳು ಎದ್ದು, ಆ ಸಾಲನ್ನು ಪರದೆಯ ಮೇಲೆ ಮತ್ತೆ ಹುಡುಕಬೇಕು. ಅಂಗೈಯಷ್ಟು ದೊಡ್ಡದು ಮಾಡಿ, ವಾರೆಗಣ್ಣಿನಲ್ಲಿ ತಡವಿ ತಡವಿ ಹುಡುಕಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಬಟ್ಟೆಯ ಕೆಳಗೆ ಅವಳ ಹಣೆಯ ನರ ಮಿಡಿಯುವುದು ನನಗೆ ಕಾಣುತ್ತಿತ್ತು. ಸಾಸಿವೆಯಷ್ಟು ಒಂದು ಗುರುತು, ನೂರಾರು ಗುರುತಿನ ನಡುವೆ, ಯಾರು ನೋಡುತ್ತಾರೆ ಅಂದುಕೊಂಡೆ.

"ಸರಿ ಇದೆ," ಎಂದೆ.

"ಹೂಂ," ಎಂದಳು.

ಮೊದಲ ಸಲ ಹನ್ನೊಂದು ಕೊಡೆ ಅಳಿಸಿದ್ದು ತಿಳಿಯದೆ. ಇದೊಂದನ್ನು ಬಿಟ್ಟದ್ದು ತಿಳಿದು.

ಸೋಮವಾರ ಮಧ್ಯಾಹ್ನ ಪ್ರೊಫೆಸರು ಹಾಳೆ ಹಿಡಿದು ಅವಳ ಕೋಣೆಗೆ ಬಂದರು. ನಾನು ಹತ್ತನೆಯದರ ಕಾಗದ ತರಲು ಹೋಗಿದ್ದೆ, ಅಲ್ಲೇ ಗೋಡೆಗೆ ಆತು ನಿಂತೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವತ್ತು ಕ್ಲಾಸಲ್ಲಿ ಮುಕ್ಕಾಲು ಗಂಟೆ ಒದ್ದಾಡಿದೆ," ಎಂದರು. "ಬೋರ್ಡ್ ಮೇಲೆ ನಾನು ಬರೆದದ್ದೇ ಒಂದು, ಮಕ್ಕಳ ಕೈಯಲ್ಲಿ ಇರೋದೇ ಇನ್ನೊಂದು. ಮೂರನೇ ಪುಟ, ಏಳನೇ ಸಾಲು. ಸ್ವಲ್ಪ ಓದಿ."

ಅವಳು ಹಾಳೆ ತೆಗೆದುಕೊಂಡಳು. ಕತ್ತು ವಾರೆ ಮಾಡಲಿಲ್ಲ, ಮಾಡಿದರೆ ಗೊತ್ತಾಗುತ್ತದೆ ಅಂತ. ನೇರವಾಗಿ ಹಿಡಿದು, ಬಾಯಿಪಾಠ ಒಪ್ಪಿಸುವ ಹಾಗೆ ಓದಿದಳು. "ಕೊಡೆ ಇರೋ ವೈ, ಮೈನಸ್, ವೈ."

ಪ್ರೊಫೆಸರು ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಕೊಡೆ ಇಲ್ಲ," ಎಂದರು ಅವರು. "ವೈನಲ್ಲಿ ವೈ ಕಳೆದ್ರೆ ಸೊನ್ನೆ. ತಪ್ಪೇ ಆಗಿಲ್ಲ ಅಂತ ಹೇಳುತ್ತೆ ಈ ಸಾಲು. ತಪ್ಪೇ ಇಲ್ದಿದ್ರೆ ಹಿಂದಕ್ಕೆ ಕಳಿಸೋದೇನು, ಕಲಿಯೋದೇನು? ಇದರ ಕೆಳಗಿನದ್ದೂ ಮುಂದಿನ ಪುಟಾನೂ ಬಿದ್ದುಹೋಗುತ್ತೆ." ಆಮೇಲೆ ದನಿ ತಗ್ಗಿಸಿ ಕೇಳಿದರು. "ನಿಮಗೆ ಕಾಣ್ತಾ ಇಲ್ಲ, ಅಲ್ವಾ? ಎಷ್ಟು ದಿನದಿಂದ?"

ಅವಳು ಹಾಳೆಯನ್ನು ಅದರ ಮಡಿಕೆಯ ಮೇಲೇ ಸರಿಯಾಗಿ ಮಡಚಿದಳು. "ಮೂರು ತಿಂಗಳಿಂದ ಸರ್."

"ಮತ್ತೆ ಇದನ್ನ ಯಾರು ನೋಡಿದ್ರು?"

"ನಾನೇ. ಇನ್ಯಾರೂ ನೋಡಲ್ಲ ಸರ್. ತಪ್ಪು ನನ್ನದೇ."

ನಾನು ಅಲ್ಲೇ ಇದ್ದೆ. ಮೂರು ಮಾರು ದೂರದಲ್ಲಿ. ಬಾಯಿ ತೆರೆದಿದ್ದರೆ ಒಂದು ಮಾತು ಸಾಕಿತ್ತು. ತೆರೆಯಲಿಲ್ಲ.

ಅವರು ಅವಳನ್ನು ಅಂದೇ ರಜೆಯ ಮೇಲೆ ಕಳಿಸಿದರು. ಮೊದಲು ಕಣ್ಣು ನೋಡಿಕೊಳ್ಳಿ, ಹತ್ತರಿಂದ ಮುಂದಿನದನ್ನು ಬೇರೆಯವರು ಮಾಡುತ್ತಾರೆ ಅಂದರು. ಪ್ರೀತಿಯಿಂದಲೇ ಅಂದರು. ಅವಳು ತನ್ನ ಲೋಟ, ಅಡಿಕೋಲು, ಎರಡು ಕಪ್ಪು ಪೆನ್ನು ಚೀಲಕ್ಕೆ ಹಾಕಿಕೊಂಡಳು. ನಾನು ಕೈ ಹಿಡಿದು ಮೆಟ್ಟಿಲಿಳಿಸಿದೆ. ನಡುವಿನ ತಿರುವಿನಲ್ಲಿ ನಿಂತಳು.

"ನೀವು ನೋಡಿದ್ರಿ."

"ನೋಡಿದೆ ತಾಯಿ. ನಿಂಗೆ ತಲೆನೋವಿತ್ತು."

"ನಿಮ್ಮ ಕಣ್ಣು ತಪ್ಪಲ್ಲ ಅಂತ ಗೊತ್ತು. ಹನ್ನೊಂದರಲ್ಲಿ ಒಂದೂ ಬಿಡಲಿಲ್ಲ ನೀವು." ನನ್ನ ಕೈ ಬಿಟ್ಟಳು. "ನನ್ನ ಕಣ್ಣು ಹೋದ್ರೂ ನಿಮ್ಮದೊಂದು ಇದೆ ಅಂದ್ಕೊಂಡಿದ್ದೆ ಅಮ್ಮ." ಮಿಕ್ಕ ಮೆಟ್ಟಿಲುಗಳನ್ನು ಕಂಬಿ ಹಿಡಿದು ತಾನೇ ಇಳಿದಳು. ಹದಿನಾಲ್ಕು ಮೆಟ್ಟಿಲು.

ಆಪರೇಷನ್ ಆಯಿತು. ಜೀವ ಉಳಿಯಿತು, ಕಣ್ಣು ಎರಡೂ ಹೋದವು. ಗಂಟು ದೊಡ್ಡದಾಗಿತ್ತು, ಒಂದು ತಿಂಗಳು ಮೊದಲು ಬಂದಿದ್ದರೂ ಹೀಗೇ ಆಗುತ್ತಿತ್ತೇನೋ ಎಂದರು ಡಾಕ್ಟರು. ಆ ಏನೋ ಅನ್ನುವುದಕ್ಕೆ ಕೊಡೆ ಇದೆ. ನಾನು ಮೊದಲ ದಿನವೇ ಪ್ರೊಫೆಸರಿಗೆ ಹೇಳಿದ್ದರೆ ಏನಾಗುತ್ತಿತ್ತು, ಒಂಬತ್ತನೆಯ ಹಾಳೆಯಲ್ಲಿ ಇಲ್ಲ ಎಂದಿದ್ದರೆ ಅವಳ ಹದಿನಾಲ್ಕು ಮುಗಿಯುತ್ತಿತ್ತೋ ಇಲ್ಲವೋ, ಇದರಲ್ಲಿ ನನ್ನ ಪಾಲು ಎಷ್ಟು, ನನಗೆ ಗೊತ್ತಿಲ್ಲ. ಅದನ್ನು ಗೊತ್ತುಮಾಡುವ ಪಾಠವೂ ಆ ಒಂಬತ್ತರಲ್ಲೇ ಇತ್ತಂತೆ.

ಅವಳು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತನ್ನ ಅಕ್ಕನ ಜೊತೆ ಇದ್ದಳು. ಅಕ್ಕ ಬಟ್ಟೆ ಹೊಲಿಯುವವಳು. ಹಗಲೆಲ್ಲ ಕೆಳಗೆ ಸುತ್ತಿಗೆ, ಮೇಲೆ ಹೊಲಿಗೆ ಯಂತ್ರ. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ. ಬಂದ್ರಾ ಅಮ್ಮ, ಕೂತ್ಕೊಳ್ಳಿ ಅನ್ನುತ್ತಿದ್ದಳು. ಕಾಲೇಜಿನ ಸುದ್ದಿ ಕೇಳುತ್ತಿದ್ದಳು.

"ಹೊಸಬರು ಹತ್ತನೇ ಹಾಳೆ ಎಷ್ಟು ಪುಟ ಮಾಡಿದ್ರು?"

"ನಾಲ್ಕೇ. ಪ್ರೊಫೆಸರ್ ಹೇಳಿಬಿಟ್ಟಿದ್ದಾರೆ, ಐದಾದ್ರೆ ನಾಲ್ಕು ಪುಟದವಳು ಬಂದು ನನ್ನ ಬೈತಾಳೆ ಅಂತ."

ನಕ್ಕಳು. ಆಮೇಲೆ ಒಳಗೆ ತಿರುಗಿ, "ಅಕ್ಕಾ, ಅಮ್ಮ ತಂದ ಹತ್ತನೇ ಹಾಳೆ ಅಲ್ಲೇ ಇದೆಯಲ್ಲ, ಎಷ್ಟು ಪುಟ ಇದೆ ನೋಡೇ," ಎಂದಳು.

ಹೊಲಿಗೆ ಯಂತ್ರ ನಿಂತಿತು. "ನಾಲ್ಕು ಕಣೇ," ಎಂದಳು ಅಕ್ಕ. ಯಂತ್ರ ಮತ್ತೆ ಓಡಿತು.

ಇನ್ನೊಂದು ಭಾನುವಾರ ಕಿಟಕಿಯ ಹೊರಗೆ ಮೋಡ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಅಕ್ಕನನ್ನು ಕರೆದು ಅದನ್ನೂ ಕೇಳಿದಳು. ಬೇಕೆಂದು ಮಾಡುತ್ತಿರಲಿಲ್ಲ. ಬೆಂಕಿ ತಾಗಿದ ಕೈ ತಾನಾಗಿ ಹಿಂದಕ್ಕೆ ಬರುವುದಿಲ್ಲವೇ, ಹಾಗೆ. ಅಕ್ಕನಿಗೆ ನನ್ನ ಮುಖ ನೋಡಲು ಸಂಕೋಚವಾಗುತ್ತಿತ್ತು. "ಏನೂ ಅಂದ್ಕೋಬೇಡಿ ಅಮ್ಮ," ಎಂದು ಮೆಟ್ಟಿಲ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು. ನಾನು ಏನು ಅಂದುಕೊಳ್ಳಲಿ? ನನ್ನ ಹತ್ತಿರ ಕಣ್ಣೆರಡು ಬಿಟ್ಟರೆ ಅವಳಿಗೆ ಕೊಡುವಂಥದ್ದು ಬೇರೆ ಏನೂ ಇರಲಿಲ್ಲ. ಅದೂ ಸಲ್ಲದ ಹಾಗಾಯಿತು.

ಪರೀಕ್ಷೆಗಳು ಮುಗಿದು ಕಾಲೇಜಿಗೆ ರಜೆ ಬಂತು. ಅಷ್ಟರಲ್ಲಿ ಗಂಟು ಮತ್ತೆ ಬೆಳೆದಿತ್ತು. ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನು ಏಳನೇ ವರ್ಷದ ಪುಸ್ತಕ ಹೊಲಿಯಲು ಕೂತೆ. ಉಳಿದ ಹಾಳೆಗಳಿಂದ ಎರಡು ಜೊತೆ ಆರಿಸಿ, ಒಂದರಿಂದ ಹದಿನಾಲ್ಕು ಜೋಡಿಸಿದೆ. ಒಂಬತ್ತನೆಯದನ್ನು ಬಿಡಿಸಿದೆ. ಏಳನೇ ಸಾಲು ಹಾಗೇ ಇತ್ತು. ಮಕ್ಕಳಿಗೆ ಪೆನ್ನಿನಲ್ಲಿ ಹಾಕಿಕೊಳ್ಳಿ ಎಂದು ಪ್ರೊಫೆಸರು ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದರು, ಆ ಹಾಳೆಯನ್ನು ಮತ್ತೆ ಯಾರೂ ಅಚ್ಚು ಮಾಡಿರಲಿಲ್ಲ. ಅವಳ ಕೋಣೆಗೆ ಬೀಗ, ಪ್ರೊಫೆಸರು ಊರಲ್ಲಿರಲಿಲ್ಲ. ರಜೆ ಮುಗಿಯಲು ಇನ್ನೂ ಹದಿನೆಂಟು ದಿನ. ಅಷ್ಟು ದಿನ ಅವಳ ಹತ್ತಿರ ಇರಲಿಲ್ಲ ಅನ್ನುವುದು ಅವಳ ಅಕ್ಕನ ಮುಖದಲ್ಲೇ ಬರೆದಿತ್ತು.

ಕಪ್ಪು ಪೆನ್ನು ತೆಗೆದು, ಉಸಿರು ಹಿಡಿದು, ಎರಡೂ ಹಾಳೆಯಲ್ಲಿ ಒಂದೊಂದು ಕೊಡೆ ಬರೆದೆ. ಎಷ್ಟು ಜೋಪಾನ ಮಾಡಿದರೂ ಎರಡೂ ಎಡಕ್ಕೆ ವಾಲಿದವು. ಆಮೇಲೆ ಹೊಲಿದು, ಅಂಟು ಹಚ್ಚಿ, ಒಂದು ರಾತ್ರಿ ಭಾರ ಹೇರಿ ಇಟ್ಟೆ.

ಭಾನುವಾರ ಒಯ್ದೆ. ಅವಳು ದಿಂಬಿಗೆ ಒರಗಿ ಕೂತು ಪುಸ್ತಕವನ್ನು ಮೂಗಿಗೆ ಹಿಡಿದಳು.

"ಅಂಟು ಇನ್ನೂ ಹಸಿ ಇದೆ."

"ನಿನ್ನೆ ತಾನೆ ಹಚ್ಚಿದ್ದು."

ಬೆನ್ನಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದಳು. ಹಾಳೆಗಳನ್ನು ಮಡಿಕೆಯ ಲೆಕ್ಕದಲ್ಲಿ ಎಣಿಸತೊಡಗಿದಳು. ಒಂದು, ಎರಡು, ಮೂರು ಎನ್ನುತ್ತಾ ಮೂರರಲ್ಲಿ ಸ್ವಲ್ಪ ನಿಂತು, "ಬೆಟ್ಟ," ಎಂದಳು. ಒಂಬತ್ತಕ್ಕೆ ಬಂದು ಬಿಡಿಸಿದಳು. ಮೂರನೇ ಪುಟ ಬಲಗಡೆಯದು, ಅದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಏಳನೇ ಸಾಲಿನ ಮೇಲೆ ನನ್ನ ಬೆರಳು ಇಡಿ."

ಇಟ್ಟೆ. ಬೆರಳು ತಣ್ಣಗಿತ್ತು.

"ಕೊಡೆ ಇದೆಯಾ?"

"ಇದೆ."

ಅವಳು ಅಕ್ಕನನ್ನು ಕರೆಯುತ್ತಾಳೆ ಎಂದು ಕಾದೆ. ಒಳಗೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಅವಳು ಕರೆಯಲಿಲ್ಲ. ಪುಟದ ಹಿಂಬದಿಗೆ ಕೈ ಹಾಕಿ, ಪೆನ್ನು ಒತ್ತಿದ ಜಾಗವನ್ನು ಬೆರಳ ತುದಿಯಿಂದ ಹುಡುಕಿದಳು. ಅಚ್ಚಿಗೆ ಒತ್ತು ಇರುವುದಿಲ್ಲ, ಪೆನ್ನಿಗೆ ಇರುತ್ತದೆ. ಅದು ನನಗೆ ಬರೆಯುವಾಗ ಹೊಳೆದಿರಲಿಲ್ಲ.

ಅದಾದ ನಾಲ್ಕನೆಯ ದಿನ ಅವಳು ಹೋದಳು. ನಡುವಿನ ದಿನಗಳಲ್ಲಿ ನಾನು ಹೋದಾಗ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಆದ್ದರಿಂದ ಅವಳು ನನ್ನನ್ನು ಕೊನೆಯದಾಗಿ ಕೇಳಿದ್ದು ಆ ಭಾನುವಾರವೇ, ಪುಟದ ಹಿಂದೆ ಬೆರಳು ಹಾಗೇ ಇಟ್ಟುಕೊಂಡು. ಅದಕ್ಕೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳಿದ್ದು ಇಷ್ಟೆ:

"ಇದು ಅಚ್ಚಾದದ್ದಾ ಅಮ್ಮಾ, ನೀವು ಬರೆದದ್ದಾ?"